ಅರ್ಧ ಸ್ವರ ಕೆಳಗೆ

ಪಪ್ಪನ ಪಿಟೀಲು ಎರಡು ವರ್ಷದಿಂದ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಕಾರ್ಕಳದ ನಮ್ಮ ಚರ್ಚಿನ ಗಾಯನ ತಂಡದಲ್ಲಿ ಅವರಿಗೆ ಹೆಸರಿದ್ದದ್ದೇ ಸ್ವರವನ್ನು ನಡುಗಿಸಿ ತುಂಬಿಕೊಡುವ ಬೆರಳಿಗಾಗಿ. ಸಣ್ಣದೊಂದು ಪಾರ್ಶ್ವವಾಯು ಬಂದುಹೋದ ಮೇಲೆ ಎಡಗೈ ಬೆರಳುಗಳು ತಂತಿಯನ್ನು ಒತ್ತುತ್ತಿದ್ದವು, ನಡುಗುತ್ತಿರಲಿಲ್ಲ. ಇಂಥ ಸಪ್ಪೆ ಸ್ವರ ದೇವರಿಗೂ ಬೇಡ ಎಂದು ಪೆಟ್ಟಿಗೆ ಮುಚ್ಚಿದರು. ಆದಿತ್ಯವಾರ ಬಲಿಪೂಜೆಗೆ ಬಂದರೂ ತಂಡದಿಂದ ಆದಷ್ಟು ದೂರದ ಬೆಂಚು ಹುಡುಕುತ್ತಿದ್ದರು. ನನಗೆ ಅದನ್ನು ನೋಡಿ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಎರಡು ಸಾವಿರದ ಇಸವಿಯ ಈಚೆಯ ಮಾತು ಇದು. ಮಣಿಪಾಲದ ಕಾಲೇಜಿಗೆ ಪಾಠ ಮಾಡಲು ಬಂದ ಜರ್ಮನಿಯ ಮಹಿಳೆಯೊಬ್ಬರು ಪರ್ಕಳದಲ್ಲಿ ಬಾಡಿಗೆಗೆ ಇದ್ದರು. ಶನಿವಾರ ನಮ್ಮಂಥ ಕೆಲವರನ್ನು ಸೇರಿಸಿ, ಬರೋಕ್ ಎಂಬ ಮುನ್ನೂರು ವರ್ಷ ಹಿಂದಿನ ಸಂಗೀತವನ್ನು ಆ ಕಾಲದ ರೀತಿಯ ವಾದ್ಯಗಳಲ್ಲೇ ಕಲಿಸುತ್ತಿದ್ದರು. ಅವರ ಪಿಟೀಲುಗಳಿಗೆ ಉಕ್ಕಿನ ತಂತಿ ಇಲ್ಲ, ಕುರಿಯ ಕರುಳಿನದ್ದು. ಗಲ್ಲ ಊರಲು ಹಲಗೆಯೂ ಇಲ್ಲ. ಶ್ರುತಿಯೋ, ನಮ್ಮ ಚರ್ಚಿನ ಹಾರ್ಮೋನಿಯಂಗಿಂತ ಅರ್ಧ ಸ್ವರ ಕೆಳಗೆ. ಎಲ್ಲಕ್ಕಿಂತ ಕಷ್ಟದ್ದೆಂದರೆ, ಪ್ರತಿ ಸ್ವರವನ್ನೂ ನಡುಗಿಸಬಾರದು, ಕಮಾನಿನಿಂದಲೇ ಜೀವ ಕೊಡಬೇಕು. ಪಪ್ಪನಿಂದಲೇ ಕಲಿತ ನನ್ನ ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ನಿಲ್ಲು ಎಂದಷ್ಟೂ ನಡುಗುತ್ತಿತ್ತು.

ಮಣಿಪಾಲದ ಆಸ್ಪತ್ರೆಯಲ್ಲಿ ಕೈಯ ವ್ಯಾಯಾಮ ಮುಗಿಸಿ ಪಪ್ಪ ನನ್ನ ಜೊತೆ ಅಲ್ಲಿಗೆ ಬರುತ್ತಿದ್ದರು. ಜಗಲಿಯಲ್ಲಿ ಕುಳಿತು ಪೇಪರು ಓದುವ ನಾಟಕ. ಬಸ್ಸು ಹತ್ತಿದ ಮೇಲೆ ಶುರು: ಅಷ್ಟು ಓದಿದವರಿಗೆ ಒಂದು ಶ್ರುತಿ ಸರಿ ಮಾಡಲಿಕ್ಕೆ ಬರುವುದಿಲ್ಲವೇ ಎಂದು. ಕೆಳಗಿರುವುದೇ ಸರಿ ಎಂದು ನಾನು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಬದುಕಿಡೀ ಹಾರ್ಮೋನಿಯಂಗೆ ಕಿವಿಯಿಟ್ಟ ಮನುಷ್ಯ.

ಮಳೆಗಾಲದ ಒಂದು ಶನಿವಾರ ನಾವೆಲ್ಲ ಒಳಗೆ ಚಹಾ ಕುಡಿಯುತ್ತಿದ್ದಾಗ ಪಪ್ಪ ತಡೆಯಲಾರದೆ ಒಂದು ಪಿಟೀಲು ಎತ್ತಿ, ಬಿರಡೆ ತಿರುಗಿಸಿ, ಹಾರ್ಮೋನಿಯಂ ಶ್ರುತಿಗೆ ಏರಿಸತೊಡಗಿದರು. ಟಪ್ಪೆಂದು ಸದ್ದು. ನಾವು ಓಡಿಬಂದಾಗ ಎಲ್ಲಕ್ಕಿಂತ ತೆಳುವಾದ ತಂತಿ ತುಂಡಾಗಿ ಅವರ ಮೊಣಕೈ ಮೇಲೆ ನೇತಾಡುತ್ತಿತ್ತು. ಬದಲಿ ತಂತಿ ಊರಿನಲ್ಲಿ ಎಲ್ಲಿಯೂ ಸಿಗುವುದಿಲ್ಲ, ಟೀಚರ್ ತಂದಿಟ್ಟದ್ದನ್ನು ನಮ್ಮ ಮಳೆಯ ತೇವ ಆಗಲೇ ಹಾಳುಮಾಡಿತ್ತು. ಪಪ್ಪನ ಮುಖ ಬಾಡಿಹೋಯಿತು. ಇನ್ನು ಇವರು ಪಿಟೀಲಿನ ಹೆಸರೂ ಎತ್ತುವುದಿಲ್ಲ ಎಂದುಕೊಂಡೆ.

ಟೀಚರ್ ಬೈಯಲಿಲ್ಲ. ಎರಡನೇ ಪಿಟೀಲಿನ ಭಾಗಕ್ಕೆ ಆ ತಂತಿ ಬೇಕಾಗುವುದಿಲ್ಲ, ಮೂರೇ ಸಾಕು ಎಂದು ಹೇಳಿ ಆ ಪಿಟೀಲನ್ನೇ ಪಪ್ಪನ ಕೈಗೆ ಕೊಟ್ಟರು.

"ನನ್ನ ಬೆರಳು ಸತ್ತಿದೆ ಅಂತ ಹೇಳು ಅವರಿಗೆ," ಎಂದರು ಪಪ್ಪ.

ನಾನು ಹೇಳಲಿಲ್ಲ. ನುಡಿಸಿ ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಪಪ್ಪ ಚರ್ಚಿನ ತಂಡದಲ್ಲಿ ಸ್ವರಲಿಪಿ ನೋಡಿಯೇ ಬೆಳೆದವರು. ಎದುರಿನ ಹಾಳೆ ಓದಿ, ನಿಧಾನದ ಸಾಲೊಂದನ್ನು ತಡವರಿಸುತ್ತ ಹಿಡಿದರು. ಬೆರಳು ಒತ್ತಿತು, ಸುಮ್ಮನೆ ನಿಂತಿತು. ಸ್ವರ ನೆಟ್ಟಗೆ, ಶುಭ್ರವಾಗಿ ಹೊರಬಂತು. ಆ ಬಲಗೈಗೆ ಏನೂ ಆಗಿರಲಿಲ್ಲವಲ್ಲ, ಕಮಾನು ಒಂದೊಂದು ಸ್ವರವನ್ನೂ ತುಂಬಿ, ಮೆಲ್ಲಗೆ ಬಿಟ್ಟುಕೊಟ್ಟಿತು. ನಾನು ಬಿಡಲು ಒದ್ದಾಡುತ್ತಿದ್ದ ನಡುಕ ಅವರಲ್ಲಿ ಉಳಿದೇ ಇರಲಿಲ್ಲ. ಟೀಚರ್ ನನ್ನ ಕಡೆ ತಿರುಗಿ, ಇಷ್ಟು ದಿನ ನಿನ್ನಿಂದ ಬಯಸುತ್ತಿದ್ದದ್ದು ಇದನ್ನೇ ಎಂದರು. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಅಂದು ಪಪ್ಪ ಮನೆಗೆ ಬಂದು ಕುರ್ಚಿ ಹತ್ತಿ, ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿ, ಪಂಚೆಯ ತುದಿಯಿಂದ ಧೂಳು ಒರೆಸಿದರು. ಒಂದೊಂದೇ ತಂತಿಯನ್ನು ಕೆಳಗೆ ಇಳಿಸಿ, ಕಿವಿಯಿಟ್ಟು, ತಲೆಯಾಡಿಸಿದರು.

"ನಮ್ಮ ಹಾರ್ಮೋನಿಯಂನವನ ಹತ್ತಿರ ಒಮ್ಮೆ ಕೇಳಿ ನೋಡು," ಎಂದರು, "ಆದಿತ್ಯವಾರ ಅರ್ಧ ಸ್ವರ ಕೆಳಗೆ ಬಾರಿಸಲಿಕ್ಕೆ ಆಗ್ತದಾ ಅಂತ."