ರಾಗಿಕಲ್ಲಿನ ಆಚೆ ಕೂತವಳು

ಮಕ್ಕಳೇ, ಆಣೆ ಇಡಬಾರದೆಂದು ಕಲಿತವಳು ನಾನು. ಆದ್ದರಿಂದ ಇಷ್ಟೇ ಬರೆಯುತ್ತೇನೆ... ಇದು ಯಲಿಯೂರಿನ ನಮ್ಮ ಮನೆಯಲ್ಲಿ ನಡೆದದ್ದು.

ಆಗ ಯುದ್ಧದ ಕಾಲ. ನಿಮ್ಮಪ್ಪ ತೊಟ್ಟಿಲ ಕೂಸು. ನಾನೂ ನಿಮ್ಮ ತಾತನೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿದ್ದೆವು. ತಾತ ತಮ್ಮ ತಾಯಿಗೆ ಹೆದರಿ ಪ್ರಾರ್ಥನೆ ಬಿಟ್ಟರು. ನಾನು ಬಿಡಲಿಲ್ಲ. ಕೋಳಿ ಕೂಗುವ ಮುಂಚೆ ರಾಗಿ ಬೀಸುವಾಗ, ಕಲ್ಲಿನ ಸದ್ದಿನಡಿಯಲ್ಲಿ ಮೆಲ್ಲಗೆ ಪ್ರಾರ್ಥಿಸುತ್ತಿದ್ದೆ.

ಅತ್ತೆಯ ಕಿವಿ ಚುರುಕು.

"ಊರೋರ ಮನೇಲೆಲ್ಲಾ ರಾಗಿಕಲ್ಲಿನ ಪದ ಕೇಳ್ತದೆ. ನಮ್ಮನೇಲಿ ಪಿಸಿಪಿಸಿ! ಇನ್ನೊಂದ್ಸಲ ಕೇಳ್ಲಿ, ಕೂಸ್ನ ಇಲ್ಲೇ ಮಡಿಕಂಡು ನಿನ್ನ ತವ್ರಿಗೆ ಅಟ್ತೀನಿ ಕಣಮ್ಮಿ."

ಅಂದು ರಾತ್ರಿ ತಾತ ಕಬ್ಬಿನ ಗಾಡಿ ಕಟ್ಟಿಕೊಂಡು ಮಂಡ್ಯಕ್ಕೆ ಹೋಗಿದ್ದರು. ಕೂಸಿಗಾಗಿ ನಾನು ಸೋತೆ. ಪ್ರಾರ್ಥನೆ ಹೊರಬರದಂತೆ ಬಾಯಿಗೆ ಸೆರಗು ತುರುಕಿಕೊಂಡು ಬೀಸಲು ಕೂತೆ.

ಸ್ವಲ್ಪ ಹೊತ್ತಿಗೆ ಕಲ್ಲು ಹಗುರಾಯಿತು... ಎದುರಿನಿಂದ ಇನ್ನೊಂದು ಕೈ ಗೂಟ ಹಿಡಿದ ಹಾಗೆ. ಸದ್ದಿನಡಿಯಲ್ಲಿ ಪಿಸುದನಿ. ಕಲ್ಲು ನಿಲ್ಲಿಸಿದೆ.

ದನಿ ನಿಲ್ಲಲಿಲ್ಲ.

"ಸ್ವಾಮೀ, ನಿನ್ನ ಕೃಪೆಯಿಂದ ಇವರನ್ನು ಕೈಬಿಡಬೇಡ..." ಮುದುಕಿಯ ದನಿ. ಮೂರು ಹೆಸರು ಹೇಳಿತು: ಸುವಾರ್ತ, ಪ್ರಭಾಕರ, ಲಿಲ್ಲಿ. ಒಂದು ಹೆಸರಿನ ಬಳಿ ಬಿಕ್ಕಿತು.

ಸೀಮೆಎಣ್ಣೆಯ ಕಮಟು ವಾಸನೆ. ಅತ್ತೆ ಬುಡ್ಡಿದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಸಿಕ್ಕಾಕಂಡೆ ಕಣೆ..." ಅಂದವರು ನನ್ನ ಬಾಯೊಳಗಿನ ಸೆರಗು ನೋಡಿದರು. ಪಿಸುದನಿ ಇನ್ನೂ ಕೇಳುತ್ತಿತ್ತು. ಕಲ್ಲಿನ ಆಚೆ, ನೆಲದ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ, ಯಾರೋ ಮಂಡಿಯೂರಿದ ಗುರುತು.

"ಯಾರಮ್ಮಿ ಅದು?"

ಗೊತ್ತಿಲ್ಲವೆಂದು ತಲೆಯಲ್ಲಾಡಿಸಿದೆ. ದನಿ 'ಆಮೆನ್' ಅಂದು ನಿಂತಿತು.

ಅತ್ತೆ ನನ್ನನ್ನು ತವರಿಗೆ ಅಟ್ಟಲಿಲ್ಲ. ಪ್ರೀತಿಯಿಂದಲ್ಲ. ಬೆಳಗ್ಗೆ ಮುಖ ತಿರುಗಿಸಿಕೊಂಡೇ ಅಂದರು: "ನೀನೇ ಮಾಡ್ಕೊ ನಿನ್ ಪ್ರಾರ್ಥ್ನೆಯ. ಅದ್ರ ಕೈಲಿ ಮಾಡುಸ್ಬ್ಯಾಡ."

ಅಂದಿನಿಂದ ಒಂದು ದಿನವೂ ಬಿಟ್ಟಿಲ್ಲ.

ಆ ಹೆಸರುಗಳನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ನೀವು ಒಬ್ಬೊಬ್ಬರಾಗಿ ಹುಟ್ಟಿದಾಗ ನಿಮ್ಮಪ್ಪ ಅಮ್ಮ ಅವನ್ನೇ ಇಟ್ಟರು. ಈಗ ನನ್ನ ಗಂಟಲೂ ಮುದಿಯಾಗಿದೆ. ಪ್ರಾರ್ಥಿಸುವಾಗ ನನ್ನ ಬಾಯಿಂದ ಬರುವುದು ಆ ರಾತ್ರಿ ಕೇಳಿದ ಅದೇ ದನಿ.

ಯಾವ ಹೆಸರಿಗೆ ಅದು ಬಿಕ್ಕಿತೆಂದು ನಾನು ಬರೆಯುವುದಿಲ್ಲ. ದಿನವೂ ಮೊದಲು ಆ ಹೆಸರನ್ನೇ ಸ್ವಾಮಿಯ ಮುಂದಿಡುತ್ತೇನೆ. ಇಷ್ಟು ವರ್ಷ ಆ ಹೆಸರಿನ ಬಳಿ ನಾನು ಬಿಕ್ಕಿರಲಿಲ್ಲ.

ನಿನ್ನೆ ರಾತ್ರಿ... ಬಿಕ್ಕಿದೆ.