ಸ್ಟೀಲ್ ಲೋಟದ ಮರ್ಯಾದೆ

ಕಳೆದ ಭಾನುವಾರ ಸಂಜೆ ನಾಲ್ಕು ಗಂಟೆಗೆ, ಕೈಯಲ್ಲಿ ತಣ್ಣನೆಯ ಬಿಯರ್ ಹಿಡಿದುಕೊಂಡು, ನಲವತ್ತು ವರ್ಷದಿಂದ ನನ್ನ ಗೆಳೆಯನಾಗಿರುವವನೊಬ್ಬ ತನ್ನ ಮಗಳು ಬಿಯರ್ ಕುಡಿದಳೆಂದು ಕಿಡಿ ಕಾರಿದ.

ತಮಾಷೆ ಮಾಡುತ್ತಿಲ್ಲ. ಮೀಸೆಗೆ ಹತ್ತಿದ ನೊರೆ ಒರೆಸಿಕೊಳ್ಳುತ್ತಲೇ ಹೇಳಿದ.

ಅವನನ್ನು ಸೀನ ಅನ್ನೋಣ. (ನಿಜವಾದ ಹೆಸರು ಬೇರೆ. ಅವನಿಗೆ ಗೊತ್ತಾಗುತ್ತದೆ, ಅಷ್ಟು ಸಾಕು.) ಎನ್.ಆರ್. ಕಾಲೋನಿಯಲ್ಲಿ ಅವರಪ್ಪ ಕಟ್ಟಿಸಿದ ಮನೆ, ಮೇಲೊಂದು ತಾರಸಿ. ಪ್ರತಿ ಡಿಸೆಂಬರಿನ ಕೊನೆಯ ಭಾನುವಾರ ನಾನು, ಸೀನ, ವೆಂಕಿ ಮೂವರೂ ಅಲ್ಲಿ ಸೇರುತ್ತೇವೆ. ಬಾಟಲಿ ತರುವ ಕೆಲಸ ನನ್ನದು. ಬಟ್ಟೆ ಚೀಲದಲ್ಲಿ ಪೇಪರ್ ಸುತ್ತಿಟ್ಟು, ಮೇಲೆ ಎರಡು ಕಟ್ಟು ಮೆಂತ್ಯ ಸೊಪ್ಪು. ನೆಂಚಿಕೊಳ್ಳಲು ಕಾಂಗ್ರೆಸ್ ಕಡ್ಲೆಬೀಜ. ಕುಡಿಯಲು ಮೂರು ಸ್ಟೀಲ್ ಲೋಟ.

ಗಾಜಿನ ಲೋಟ ಆ ತಾರಸಿ ಹತ್ತಿದ್ದೇ ಇಲ್ಲ. ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಬಂದರೆ ಕಾಣುತ್ತದಲ್ಲ? ಸ್ಟೀಲಿನಲ್ಲಿದ್ದರೆ ಕಾಫಿಯೂ ಆದೀತು, ಮಜ್ಜಿಗೆಯೂ ಆದೀತು. ಯಾರಾದರೂ ಕೇಳಿದರೆ ಅದು ಬಾರ್ಲಿ ನೀರು. ಸೀನನಿಗೆ ಯಾವತ್ತೋ ಕಿಡ್ನಿಯಲ್ಲಿ ಕಲ್ಲಾಗಿತ್ತು. ಕಲ್ಲು ಹೋಗಿ ಇಪ್ಪತ್ತು ವರ್ಷವಾಯಿತು, ಬಾರ್ಲಿ ನೀರು ನಿಂತಿಲ್ಲ.

ಮೊದಲ ಗುಟುಕಿಗೆ ವೆಂಕಿ ಹಳೇ ಕತೆ ಶುರುಮಾಡಿದ. ನಾವು ಮೊದಲ ಬಿಯರ್ ಕುಡಿದದ್ದು ಉಪ್ಪಾರಪೇಟೆಯ ಒಂದು ಬಾರಿನಲ್ಲಿ. ಮೂವರಿಗೆ ಒಂದೇ ಬಾಟಲಿ. ಅಲ್ಲಿಗೆ ನಮ್ಮ ಕಡೆಯವರು ಯಾರೂ ಬರುವುದಿಲ್ಲ ಎಂಬ ಧೈರ್ಯ. (ಸೀನನ ಸೋದರಮಾವ ಅದೇ ಧೈರ್ಯದ ಮೇಲೆ ಬಂದು ಮೂಲೆ ಟೇಬಲ್ಲಿನಲ್ಲಿ ಕೂತಿದ್ದರು. ನಾವು ಅವರನ್ನು ನೋಡಲಿಲ್ಲ, ಅವರೂ ನಮ್ಮನ್ನು ನೋಡಲಿಲ್ಲ.) ವಾಸನೆ ಹೋಗಲೆಂದು ಸೀಬೆ ಎಲೆ ಅಗಿಯುತ್ತಾ ಗವಿಪುರಂವರೆಗೆ ನಡೆದು, ಬಂಡೆ ಮೇಲೆ ಕೂತು, ಒಬ್ಬರ ಬಾಯಿ ಒಬ್ಬರು ಮೂಸಿ ನೋಡಿ ಮನೆಗೆ ಹೋಗಿದ್ದೆವು.

ನಕ್ಕೂ ನಕ್ಕೂ ಸಾಕಾಯಿತು. ಆಗ ವೆಂಕಿ ಕೇಳಿದ, "ಎಲ್ಲೋ ಅನಘಾ? ಪ್ರತಿ ಸಲ ಬಂದು ನಮ್ಮ ಕಾಲೆಳೀತಿದ್ಲು."

"ಅವಳ ಹೆಸರು ಎತ್ಬೇಡ" ಅಂದ ಸೀನ.

ಅನಘಾ ಅವನ ಒಬ್ಬಳೇ ಮಗಳು. ಇಪ್ಪತ್ತಾರು ವರ್ಷ, ಆಡಿಟ್ ಆಫೀಸಿನಲ್ಲಿ ಕೆಲಸ. ಆಫೀಸಿನ ಕ್ರಿಸ್‌ಮಸ್ ಪಾರ್ಟಿಯಲ್ಲಿ ಒಂದು ಗಾಜಿನ ಮಗ್ ಹಿಡಿದು ನಗುತ್ತಾ ನಿಂತಿದ್ದಾಳೆ. ಜತೆಯವರು ಹಾಕಿದ ಆ ಫೋಟೊ ಯಾರ್ಯಾರದೋ ಕೈ ದಾಟಿ ಸೀನನ ಫ್ಯಾಮಿಲಿ ಗ್ರೂಪಿಗೆ ಬಂದು ಬಿದ್ದಿದೆ. ಒಬ್ಬ ಅತ್ತೆ ಅದರ ಕೆಳಗೆ ಕೈಮುಗಿದ ಎಮೋಜಿ ಹಾಕಿದ್ದಾರೆ. ಅವತ್ತಿನಿಂದ ಅಪ್ಪ ಮಗಳ ಜತೆ ಮಾತು ಬಿಟ್ಟಿದ್ದಾನೆ. ಮಗಳು ಒಂದನೇ ತಾರೀಖು ಪಿಜಿಗೆ ಹೋಗುತ್ತೇನೆಂದು ಸೂಟ್‌ಕೇಸ್ ತುಂಬಿಟ್ಟಿದ್ದಾಳೆ.

"ಹೋಗ್ಲಿ ಬಿಡು. ಇಂಥದ್ದೆಲ್ಲ ನಮ್ಮನೇಲಿ ನಡೆಯಲ್ಲ" ಅಂದ.

ನಮ್ಮನೇಲಿ! ಲೋಟ ಇನ್ನೂ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಅನಘಾ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಳು. ಸೀನ ನೀರಿನ ಟ್ಯಾಂಕಿನ ಕಡೆ ಮುಖ ತಿರುಗಿಸಿಕೊಂಡ. ಅವಳು ಅಪ್ಪನ ಪಂಚೆಯನ್ನೂ ತೆಗೆದು, ನೀಟಾಗಿ ಮಡಿಸಿ, ಹೋಗುವಾಗ ನನ್ನ ಹತ್ತಿರ ನಿಂತಳು.

"ಅಂಕಲ್, ಬಾರ್ಲಿ ನೀರು ಸಾಕಾ? ಇನ್ನೊಂಚೂರು ತರ್ಲಾ?"

ಅವಳು ಏಳು ವರ್ಷದವಳಿದ್ದಾಗ ಇದೇ ತಾರಸಿಯಲ್ಲಿ "ಅಂಕಲ್, ಅದೇನು?" ಅಂತ ಕೇಳಿದ್ದಳು. ಬಾರ್ಲಿ ನೀರು ಅಂತ ಹೇಳಿದವನು ನಾನೇ.

ಅವಳು ಕೆಳಗಿಳಿದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಪೈಪು ಹೊತ್ತು ಜೀವನದಲ್ಲಿ ಮೇಲೆ ಬಂದವನು, ಚಾಮರಾಜಪೇಟೆಯಲ್ಲಿ ಸ್ವಂತ ಪೈಪಿನ ಅಂಗಡಿ ಇಟ್ಟವನು. ವ್ಯಾಪಾರ ಕಲಿಸಿದ ಒಂದು ಮಾತು ಹೇಳುತ್ತೇನೆ, ಬೇಕಾದರೆ ಬರೆದಿಟ್ಟುಕೊಳ್ಳಿ. ನಿಮ್ಮ ಗೋಡೌನಿನಲ್ಲೂ ಅದೇ ಮಾಲು ಇರುವಾಗ ಎದುರಿನವರ ಮಾಲನ್ನು ಕಳಪೆ ಅನ್ನಬೇಡಿ. ಗಿರಾಕಿ ಗೋಡೌನ್ ನೋಡಿರುತ್ತಾನೆ. ಮಕ್ಕಳಂತೂ ನೋಡಿಯೇ ಇರುತ್ತಾರೆ.

"ಸೀನ, ಎರಡರಲ್ಲಿ ಒಂದು ಮಾಡು" ಅಂದೆ. "ಆ ಲೋಟ ಕೆಳಗಿಡು, ಇನ್ನು ಜನ್ಮದಲ್ಲಿ ಮುಟ್ಬೇಡ. ಇಲ್ಲ, ಕೆಳಗೆ ಹೋಗಿ ಅವಳನ್ನ ಮಾತಾಡ್ಸು."

"ನನ್ನ ವಿಷಯ ಬೇರೆ ಕಣೋ. ನಾನು ಗಂಡಸು."

"ಗೊತ್ತು. ಅದಕ್ಕೇ ನಲವತ್ತು ವರ್ಷದಿಂದ ಬಚ್ಚಿಟ್ಕೊಂಡು ಕುಡೀತಿದೀಯ."

ವೆಂಕಿಗೆ ಕಡ್ಲೆಬೀಜ ನೆತ್ತಿಗೆ ಹತ್ತಿತು. ಸೀನ ಅವನ ಬೆನ್ನು ತಟ್ಟಿದ. ಆಮೇಲೆ ಮೆಲ್ಲಗೆ, "ಕುಡಿದಿದ್ದಕ್ಕಲ್ಲ ಗುರು. ಎಲ್ಲರೂ ನೋಡ್ಬಿಟ್ರು" ಅಂದ.

ಚೌಕಾಸಿಯಲ್ಲಿ ಇಂಥದೊಂದು ಗಳಿಗೆ ಬಂದೇ ಬರುತ್ತದೆ, ನಿಜವಾದ ರೇಟು ಬಾಯಿಂದ ಜಾರುತ್ತದೆ. ಅವಳ ತಪ್ಪು ಬಿಯರ್ ಅಲ್ಲ, ಗಾಜು! ಅದೇ ಬಿಯರನ್ನು ಸ್ಟೀಲ್ ಲೋಟಕ್ಕೆ ಸುರಿದುಕೊಂಡು ಸುಳ್ಳು ಹೇಳಿದ್ದರೆ ಒಳ್ಳೆ ಮನೆತನದ ಹುಡುಗಿಯಾಗಿಯೇ ಉಳಿಯುತ್ತಿದ್ದಳು. ಇದನ್ನು ಸಂಸ್ಕಾರ ಅನ್ನುತ್ತೇವಾ ನಾವು? (ಕುಡಿಯಿರಿ ಅಂತ ಯಾರಿಗೂ ಹೇಳುತ್ತಿಲ್ಲ. ವರ್ಷಕ್ಕೊಂದೇ ಬಾಟಲಿಗೆ ನನ್ನ ಹೆಂಡತಿ ಮೂರು ದಿನ ಮುಖ ಊದಿಸಿಕೊಂಡಿರುತ್ತಾಳೆ, ಅದೂ ಸರಿಯೇ.)

ಕೊನೆಯ ಮಾತೊಂದನ್ನು ನಾನು ಉಳಿಸಿಕೊಂಡಿದ್ದೆ. "ಉಪ್ಪಾರಪೇಟೆಯಿಂದ ಬಂದ ಮಾರನೇ ಬೆಳಗ್ಗೆ ನಿಮ್ಮಮ್ಮ ಏನಂದ್ರು, ನೆನಪಿದೆಯಾ?"

ಅವನಿಗೆ ನೆನಪಿಲ್ಲದೆ ಏನು? ಅವತ್ತೇ ನಮ್ಮ ಮುಂದೆ ಅದನ್ನು ಹೇಳಿ ಅತ್ತವನು ಅವನೇ. ಸೀಬೆ ಎಲೆಯ ನಾಟಕವೆಲ್ಲ ಆ ತಾಯಿಗೆ ಬಾಗಿಲಲ್ಲೇ ಗೊತ್ತಾಗಿತ್ತು. ಏನೂ ಕೇಳದೆ ಸಾರನ್ನ ಬಡಿಸಿದರು. ಬೆಳಗ್ಗೆ ಮಗನನ್ನು ಅಡುಗೆಮನೆಗೆ ಕರೆದು, "ಇನ್ನೊಂದ್ಸಲ ಹೋಗೋದಾದ್ರೆ ಊಟ ಮಾಡ್ಕೊಂಡು ಹೋಗು, ಖಾಲಿ ಹೊಟ್ಟೇಲಿ ಕುಡೀಬೇಡ" ಅಂದರು. ಅಷ್ಟೇ. ಗಂಡನಿಗೂ ಹೇಳಲಿಲ್ಲ, ಆ ಸೋದರಮಾವನಿಗೂ ಹೇಳಲಿಲ್ಲ.

ಸೀನ ಲೋಟ ಕೆಳಗಿಟ್ಟು ಎದ್ದು ಹೋದ. ನಾನೂ ವೆಂಕಿಯೂ ಕಾದೆವು. ಐದು ನಿಮಿಷಕ್ಕೆ ವಾಪಸ್ ಬಂದ.

"ರೂಮಿನ ಬಾಗಿಲು ಹಾಕಿತ್ತು. ಒಳಗೆ ಫೋನಲ್ಲಿ ಮಾತಾಡ್ತಿದ್ಲು. ಬಂದ್ಬಿಟ್ಟೆ."

"ತಟ್ಟಿದ್ಯಾ?"

ಸೀನ ಲೋಟಕ್ಕೆ ಕೈ ಹಾಕಿದ. ನಾನು ನನ್ನ ಪಾಲಿನದನ್ನು ಅಲ್ಲೇ ಬಿಟ್ಟು, ಸೊಪ್ಪಿನ ಚೀಲ ಎತ್ತಿಕೊಂಡು ಹೊರಟು ಬಂದೆ. ಇಷ್ಟು ವರ್ಷದಲ್ಲಿ ಲೋಟ ಖಾಲಿ ಮಾಡದೆ ಇಳಿದದ್ದು ಇದೇ ಮೊದಲು.

ಒಂದನೇ ತಾರೀಖಿಗೆ ಇನ್ನೆರಡು ದಿನ ಇದೆ. ಸೀನ, ನೀನು ಈ ಅಂಕಣ ಓದುತ್ತೀಯ ಅಂತ ಗೊತ್ತು. ಮಗಳ ಬಾಗಿಲು ತಟ್ಟುವ ಧೈರ್ಯಕ್ಕೆ ಇನ್ನೂ ಎಷ್ಟು ಲೋಟ ಬಾರ್ಲಿ ನೀರು ಬೇಕು ನಿನಗೆ?