ಹಿತ್ತಲ ಬಾಗಿಲ ಚಿಲಕಕ್ಕೆ ಕುಸುಬಿ ಎಣ್ಣೆ

"ಮೇಡಂ, ನಮ್ಮ ಹುಡುಗಿಗಿ ಎಲ್ಲಿ ಕಳಸಾಕತ್ತೀರಿ?"

ಕಳೆದ ವಾರ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಇನ್ನೂ ಮುಗಿದಿರಲಿಲ್ಲ. ಫೋನ್ ಎತ್ತಿದರೆ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಹೆಸರಿಲ್ಲ. ರಾಂಗ್ ನಂಬರ್ ಅಂದುಕೊಂಡೆ. ಅಲ್ಲ, ಆ ಕಡೆ ಇದ್ದವರು ಭಾಗ್ಯಶ್ರೀಯ ಕಾಕಾ. ಊರು ಹುಡಗಿ. (ಹುಮನಾಬಾದ್ ತಾಲ್ಲೂಕಿನ ಊರಿನ ಹೆಸರೇ ಹಾಗೆ. ಪ್ರಿಂಟ್ ಮಿಸ್ಟೇಕ್ ಎಂದು ಯಾರೂ ಪತ್ರ ಬರೆಯಬೇಡಿ.)

ಭಾಗ್ಯಶ್ರೀ ಯಾರೆಂದು ಹೇಳಬೇಕಾದರೆ ನನ್ನ ಭಾನುವಾರದ ಹುಚ್ಚಿನ ಬಗ್ಗೆ ಹೇಳಬೇಕು. ಪ್ರತಿ ಭಾನುವಾರ ಬಸ್ ಹತ್ತಿ ಹುಮನಾಬಾದಿಗೆ ಹೋಗುತ್ತೇನೆ. ಅಲ್ಲೊಂದು ಬಟ್ಟೆ ಅಂಗಡಿಯ ಮೇಲಿನ ಖೋಲಿಯಲ್ಲಿ ಕಾಲೇಜು ಹುಡುಗಿಯರಿಗೆ ಕಥೆ ಹೇಳುವುದನ್ನು ಕಲಿಸುತ್ತೇನೆ. ಫೀಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಹಾಗಾಗಿ ನಿಜವಾಗಿ ಬೇಕೆನಿಸಿದವರು ಮಾತ್ರ ಬರುತ್ತಾರೆ.

"ಒಂದು ಕಥೆ ಹೇಳಿ" ಅಂದರೆ ಈ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಅದಕ್ಕೇ ಬೋರ್ಡಿನ ಮೇಲೆ ಒಂದು ಸಣ್ಣ ಚೌಕಟ್ಟು ಬರೆದುಕೊಡುತ್ತೇನೆ. ಒಬ್ಬಳಿಗೆ ಏನೋ ಬೇಕಾಗಿದೆ. ಅದಕ್ಕಾಗಿ ಮನೆಯಿಂದ ಹೊರಡುತ್ತಾಳೆ. ದಾರಿಯಲ್ಲಿ ಅಡ್ಡಿ ಬರುತ್ತದೆ. ಆಮೇಲೆ?

ಅಷ್ಟೇ. ಉಳಿದದ್ದು ಅವರ ಕೆಲಸ. ಇಷ್ಟು ಕೊಟ್ಟರೆ ಸಾಕು, ಬಾಯಿ ಬಿಡದವಳೂ ಶುರು ಹಚ್ಚುತ್ತಾಳೆ. ನನ್ನದೊಂದೇ ಷರತ್ತು. ರಾಜಕುಮಾರಿ ಬೇಡ, ಏಳು ಸಮುದ್ರದಾಚೆಯ ಕೋಟೆ ಬೇಡ. ನಿಮ್ಮ ಮನೆ ಬಾಗಿಲು ಹಾಕಿ, ನಿಮ್ಮ ಬಸ್ ಸ್ಟಾಪ್ ಹಾಕಿ. ಅನುಮಾನ ಬಂದರೆ ಮಾಡಿ ನೋಡಿ, ಆಮೇಲೆ ಹೇಳಿ. ಸುಳ್ಳು ಕಥೆಯಲ್ಲೂ ಸುಳ್ಳು ಸಾಮಾನು ಇರಬಾರದು.

ಭಾಗ್ಯಶ್ರೀ ಇದನ್ನು ಶಿರಸಾವಹಿಸಿ ಪಾಲಿಸಿದಳು.

ಬಿ.ಎ. ಓದುವ ಹುಡುಗಿ. ಅಪ್ಪನಿಗೆ ಹೊಲವೂ ಇದೆ, ತೊಗರಿ ವ್ಯಾಪಾರವೂ ಇದೆ. ಅವಳಿಗೆ ಬರೆಯುವುದಕ್ಕಿಂತ ಹೇಳುವುದರಲ್ಲಿ ಖುಷಿ. ಸಂಜೆ ಆಯಿಯ, ಅಂದರೆ ಅಜ್ಜಿಯ, ಪಕ್ಕ ಕೂತು ಹೇಳುತ್ತಾಳೆ. ಕಾಕಾನ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿ ನನಗೆ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಹಿಂದಿನಿಂದ ಆಯಿಯ "ಹ್ಞೂಂ... ಹ್ಞೂಂ" ಕೇಳುತ್ತಿರುತ್ತದೆ. ನಮ್ಮ ಕಡೆ ಕೇಳುವವರು ಹ್ಞೂಂಗುಡದೆ ಇದ್ದರೆ ಹೇಳುವವರು ಕಥೆ ನಿಲ್ಲಿಸಿಬಿಡುತ್ತಾರಲ್ಲ, ಹಾಗೆ.

ಅವಳ ಕಥೆಯ ಹುಡುಗಿಗೆ ಸಮುದ್ರ ನೋಡಬೇಕಾಗಿದೆ. ಮುಂದಿನ ಪಡಸಾಲೆಯಲ್ಲಿ ಅಪ್ಪ ವ್ಯಾಪಾರಿಗಳ ಜೊತೆ ಕೂತಿದ್ದಾನೆ. ಹಿತ್ತಲ ಬಾಗಿಲಿನ ಚಿಲಕ ಕಿರ್ರ್ ಎನ್ನುತ್ತದೆ. ಹುಡುಗಿ ಹತ್ತಿಯಲ್ಲಿ ಕುಸುಬಿ ಎಣ್ಣೆ ಅದ್ದಿ ಹಚ್ಚುತ್ತಾಳೆ. ಬಸ್ ಸ್ಟಾಪಿನ ಹತ್ತಿರ, ಚಹಾದಂಗಡಿಯ ಮುಂದೆ ಕಾಕಾನ ಬೈಕ್ ನಿಂತಿದೆ. ತಲೆ ಮೇಲೆ ಸೆರಗು ಎಳೆದುಕೊಂಡು, ಕಳೆ ತೆಗೆಯಲು ಹೊರಟ ಹೆಂಗಸರ ಗುಂಪಿನಲ್ಲಿ ಸೇರಿಕೊಳ್ಳುತ್ತಾಳೆ. ಬಸ್ಸು ಬರುತ್ತದೆ.

ಕೇಳಿ ನಾನು ಚಪ್ಪಾಳೆ ತಟ್ಟಿದ್ದೆ. ಒಬ್ಬಳೇ ಇದ್ದೆ, ಆದರೂ ತಟ್ಟಿದೆ! ಎಷ್ಟೋ ದಿನದ ಮೇಲೆ ಒಬ್ಬಳು ನಿಜವಾದ ಕಥೆಗಾರ್ತಿ ಸಿಕ್ಕಳು ಎಂದು ಬಹಳ ಸಂತೋಷಪಟ್ಟಿದ್ದೆ.

ಅದೇ ಮೆಸೇಜನ್ನು ಕಾಕಾ ಕೇಳಿದ್ದಾರೆ. ಫೋನ್ ಅವರದೇ ತಾನೆ? ಕೇಳಿದವರು ಸುಮ್ಮನೆ ಕೂರಲಿಲ್ಲ, ಹಿತ್ತಲಿಗೆ ಹೋಗಿ ಚಿಲಕ ಮುಟ್ಟಿ ನೋಡಿದ್ದಾರೆ. ಕೈಗೆ ಎಣ್ಣೆ ಹತ್ತಿದೆ.

ಮಧ್ಯಾಹ್ನದ ಹೊತ್ತಿಗೆ ನಾನು ಹುಡಗಿಯಲ್ಲಿದ್ದೆ. ಮನೆಯವರು ಒಳ್ಳೆಯವರೇ. ನೀರು ಕೊಟ್ಟರು, ಚಹಾ ಕೊಟ್ಟರು, ಕುರ್ಚಿ ಒರೆಸಿ ಕೂರಿಸಿದರು. ಭಾಗ್ಯಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ಅದು ಕಥೆ" ಅಂದೆ.

"ಕಥಿ ಅಂದ್ರ ಹ್ಯಾಂಗ್ರಿ ಮೇಡಂ?" ಕಾಕಾ ಕೇಳಿದರು. "ಬಾಗಲಾ ನಮ್ದೇ ಅದ. ಗಾಡಿ ನಂದೇ ಅದ. ಬಸ್ ಬರೋಬರ್ ಅದೇ ಬಸ್. ಚಿಲಕಕ್ಕ ಎಣ್ಣಿ ಖರೇನೇ ಹಚ್ಯಾಳ. ಇದರಾಗ ಕಥಿ ಯಾವದು ಅದ, ನೀವೇ ಹೇಳ್ರಿ."

ಎಣ್ಣೆ ಹಚ್ಚಿದರೆ ಸಪ್ಪಳ ನಿಲ್ಲುತ್ತದೋ ಇಲ್ಲವೋ ಎಂದು ಅವಳು ಪರೀಕ್ಷೆ ಮಾಡಿದ್ದು, ಹಾಗೆ ಮಾಡಿ ನೋಡಲು ಹೇಳಿದವಳು ನಾನೇ ಎಂದೆ. ನಂಬಲಿಲ್ಲ. ಯಾಕೆ ನಂಬಬೇಕು? ಅವಳು ಕೆಟ್ಟದಾಗಿ ಕಥೆ ಕಟ್ಟಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಅವಳು ಚೆನ್ನಾಗಿ ಕಟ್ಟಿದ್ದೇ ಅವಳ ಮೇಲಿನ ಸಾಕ್ಷಿಯಾಯಿತು.

"ಮತ್ತ ಆ ಸಮುದ್ರ?" ಕಾಕಾ ಬಿಡಲಿಲ್ಲ. "ಸಮುದ್ರ ನೋಡಾಕ ಯಾರರ ಮನಿ ಬಿಟ್ಟು ಹೋಗ್ತಾರೇನ್ರಿ? ಅಲ್ಲಿ ಯಾವನೋ ಇರಬೇಕು."

ಯಾರೂ ಇಲ್ಲ. ಬರೀ ನೀರಿದೆ. ಇದನ್ನು ಹೇಗೆ ಪ್ರೂವ್ ಮಾಡುವುದು? ಹುಡುಗಿಗೆ ಬೇಕಾದದ್ದು ಒಬ್ಬ ಹುಡುಗನೇ ಆಗಿರಬೇಕು. ನೀರು ಬೇಕು, ಗಾಳಿ ಬೇಕು ಅಂದರೆ ನಮ್ಮ ಜನಕ್ಕೆ ಅನುಮಾನ ಇನ್ನೂ ಜಾಸ್ತಿ.

ಆಗ ಮೂಲೆಯಲ್ಲಿ ಕೂತಿದ್ದ ಆಯಿ ಬಾಯಿ ತೆಗೆದರು. "ಏ, ಪುರಾ ನನ್ನ ಮುಂದ ಕುಂತು ಹೇಳ್ಯಾಳ. ನಾ ಹ್ಞೂಂ ಹ್ಞೂಂ ಅಂದೀನಿ. ಮನಿ ಬಿಟ್ಟು ಹೋಗಾಕಿ ಆಯಿ ಕಡಿಂದ ಹ್ಞೂಂ ಅನಿಸ್ಕೊಂಡು ಹೋಗ್ತಾಳೇನೋ? ಹ್ಞೂಂ ಅಂದ್ರ ಅದು ಕಥೀನೇ. ನೀ ಸಣ್ಣಾಂವ ಇದ್ದಾಗ ನೀನೂ ಹ್ಞೂಂ ಅಂದೀದಿ, ಮರತೇನು?"

ನನಗೆ ಎದ್ದು ಆಯಿಯ ಕಾಲು ಮುಟ್ಟಬೇಕೆನಿಸಿತು. ಎಂಥ ವಾದ! ಕಾಕಾ ತಲೆ ತಗ್ಗಿಸಿದರು. ಗೆದ್ದೆವು ಅಂದುಕೊಂಡೆ. ಭಾಗ್ಯಶ್ರೀ ಕೂಡ ಮೊದಲ ಸಲ ತಲೆ ಎತ್ತಿದಳು.

ಕಾಕಾನ ಪಕ್ಕ ಕೂತಿದ್ದ ಅವಳಪ್ಪ ಆಗ ಮೆಲ್ಲಗೆ ಹೇಳಿದರು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ.

"ಆಯ್ತು ಮೇಡಂ. ಕಥೀನೇ ಇರ್ಲಿ. ನಾ ನಂಬ್ತೀನಿ. ಆದ್ರ ಇದೆಲ್ಲಾ ಆಕಿ ತಲಿಯಾಗೇ ಬಂದದ ಅಲ್ರಿ?"

ಹೌದು, ಅವಳ ತಲೆಯಲ್ಲೇ ಬಂದದ್ದು. ಅದಕ್ಕೇ ಅಲ್ಲವೇ ನಾನು ಖುಷಿಪಟ್ಟದ್ದು? ಅದಕ್ಕೇ ಅವರು ಹೆದರಿದ್ದು. ಓಡಿಹೋಗುವುದಿಲ್ಲ ಎಂದು ಆಣೆ ಮಾಡಿಸಬಹುದು. ಅಂದುಕೊಳ್ಳುವುದಿಲ್ಲ ಎಂದು ಯಾರ ಕೈಲಿ ಆಣೆ ಮಾಡಿಸುತ್ತೀರಿ? ಅದಕ್ಕೊಂದು ಸುಲಭ ದಾರಿ ಅವರಿಗೆ ಗೊತ್ತಿತ್ತು. ಕ್ಲಾಸ್ ಬಂದ್. ಕಾಲೇಜು? "ಪರೀಕ್ಷಾಕ್ಕ ಕಾಕಾ ಕರ್ಕೊಂಡು ಹೋಗ್ತಾನ್ರಿ." ಫೋನ್ ಅಂತೂ ಇಲ್ಲವೇ ಇಲ್ಲ.

ನಾನು ಬೇಡಿಕೊಂಡೆ. (ಈ ಅಂಕಣದಲ್ಲಿ ನಾನು ಮಂತ್ರಿಗಳನ್ನೂ ಬೈದಿದ್ದೇನೆ. ಅವತ್ತು ಒಬ್ಬ ಅಪ್ಪನ ಮುಂದೆ ಕೈ ಜೋಡಿಸಿ ಕೂತಿದ್ದೆ.) ಅವರು ಮತ್ತೆ ಚಹಾ ತರಿಸಿದರು. ಮರ್ಯಾದೆಯಿಂದ ಬಸ್ ಸ್ಟಾಪಿನವರೆಗೆ ಬಿಟ್ಟರು. ಮನೆಯಿಂದ ಹೊರಡುವಾಗಲೇ ನೋಡಿದ್ದೆ. ಹಿತ್ತಲ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಮನೆಯ ಹೆಂಗಸರು ಬಟ್ಟೆ ಒಣಹಾಕಲು ಪಡಸಾಲೆ ಸುತ್ತಿ ಹೋಗುತ್ತಿದ್ದರು.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಪಕ್ಕದ ಹೆಂಗಸು "ಯಾರು ಹೋದ್ರಿ?" ಎಂದು ಕೇಳಿದಳು. ಏನು ಹೇಳಲಿ? ಯಾರೂ ಹೋಗಿಲ್ಲ, ಅದೇ ಸಂಕಟ ಎನ್ನಲೇ?

ಮೊನ್ನೆ ಭಾನುವಾರ ಮತ್ತೆ ಹುಮನಾಬಾದಿಗೆ ಹೋದೆ. ಹೋಗಬಾರದು ಅನಿಸಿತ್ತು, ಆದರೂ ಹೋದೆ. ಸುದ್ದಿ ನನಗಿಂತ ಮೊದಲೇ ಖೋಲಿ ತಲುಪಿತ್ತು. ಕೆಲವರು ಬಂದಿರಲಿಲ್ಲ. ಬಂದವರು ಹಿಂದಿನ ಸಾಲಿನಲ್ಲಿ ಒತ್ತಿಕೊಂಡು ಕೂತಿದ್ದರು. ಅದೇ ಚೌಕಟ್ಟು ಬೋರ್ಡಿನ ಮೇಲೆ ಬರೆದೆ. ಒಬ್ಬಳು ಎದ್ದು ನಿಂತು ಶುರುಮಾಡಿದಳು, "ಒಬ್ಬ ಹುಡುಗ ಇದ್ದ..."

ಇನ್ನೊಬ್ಬಳದೂ ಹುಡುಗನ ಕಥೆ. ಮತ್ತೊಬ್ಬಳದೂ ಅದೇ.

"ಯಾಕಮ್ಮಾ, ಹುಡುಗಿ ಎಲ್ಲಿ ಹೋದಳು?" ಕೇಳಿದೆ.

"ಹುಡುಗ ಇದ್ರ ಚಲೋ ಆಗ್ತದ್ರಿ ಮೇಡಂ" ಅಂದಳು, ನನಗೇ ಪಾಠ ಹೇಳುವ ಹಾಗೆ. "ಅಂವಾ ಹೊಂಟ್ರ ಯಾರೂ ಎಲ್ಲಿ, ಯಾಕ ಅಂತ ಕೇಳಂಗಿಲ್ಲ. ಕಥಿ ಜಲ್ದಿ ಮುಂದ ಹೋಗ್ತದ."

ಉಳಿದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಒಬ್ಬಳೂ ನಗಲಿಲ್ಲ.

ಮನಸ್ಸಿನೊಳಗೂ ಮನೆ ಬಿಟ್ಟು ಹೊರಡಲು ಹೆದರುವ ಈ ಹುಡುಗಿಯರಿಗೆ, ಹೇಳಿ, ಮುಂದಿನ ಭಾನುವಾರ ನಾನು ಏನನ್ನು ಕಲಿಸಲಿ?